ಕಪಿಲೆಯ ಬಯಲಿಗೆ ಬಾರದ ನಮ್ಮ ಬಂಡವಾಳ

ನಂಜನಗೂಡು ಮತ್ತು ಟಿ. ನರಸೀಪುರ ತಾಲೂಕುಗಳ ನಾಲಾ ಬಯಲಿನಲ್ಲಿ ಭತ್ತದ ಕೊಯ್ಲು ಆರಂಭವಾಯಿತೆಂದರೆ ರೈತನು ಕೂಲಿಯಾಳಿಗಿಂತ ಮೊದಲು ಕಟಾವು ಯಂತ್ರವನ್ನು ಹುಡುಕುತ್ತಾನೆ. ಒಂದೆರಡು ಎಕರೆಯವನಿಗೆ ಯಂತ್ರ ಕೊಳ್ಳುವ ಶಕ್ತಿಯಿಲ್ಲ. ಹೊರಗಿನಿಂದ ಬಂದ ಯಂತ್ರದ ಸರದಿಗೆ ಕಾದು, ಗಂಟೆಗೆ ಕೇಳಿದಷ್ಟು ಬಾಡಿಗೆ ತೆರುತ್ತಾನೆ. ಅದೇ ಊರುಗಳ ಮುಸ್ಲಿಮರ ಉಳಿತಾಯ ಮಾತ್ರ ಚಿನ್ನದಲ್ಲೋ ನಿವೇಶನದಲ್ಲೋ ನಿದ್ರಿಸುತ್ತಿರುತ್ತದೆ.

ಅದು ಎಚ್ಚರಗೊಂಡಾಗ ಏನಾಯಿತೆಂಬುದು 2019ರಲ್ಲಿ ಕಣ್ಣಿಗೆ ಬಿತ್ತು. 'ಹಲಾಲ್' ಎಂಬ ಹಣೆಪಟ್ಟಿ ನಂಬಿ ಬೆಂಗಳೂರಿನ ಐ.ಎಂ.ಎ.ಯಲ್ಲಿ ಹಣ ತೊಡಗಿಸಿದ ಸಾವಿರಾರು ಕುಟುಂಬಗಳು ಜೂನ್ ತಿಂಗಳಲ್ಲಿ ಬೀದಿಗೆ ಬಂದವು. ಮಗಳ ವಿವಾಹದ ಹಣ, ವಿಧವೆಯರ ಜೀವನಾಧಾರ ಎಲ್ಲವೂ ಹೋಯಿತು. ಸಂಸ್ಥಾಪಕನನ್ನು ದೂಷಿಸುವುದು ಸುಲಭ. ಆ ಹಣ ಯಾವ ವ್ಯಾಪಾರದಲ್ಲಿ ತೊಡಗಿದೆ, ಲಾಭ ಎಲ್ಲಿಂದ ಬರುತ್ತಿದೆ ಎಂದು ನಾವು ಕೇಳಿದ್ದೆವೇ? ಗಡ್ಡ, ಟೋಪಿಗಳನ್ನೇ ಲೆಕ್ಕಪತ್ರವೆಂದು ಭಾವಿಸಿದೆವು. ಸರಕಾರದ ಪಾಲೂ ಇದರಲ್ಲಿದೆ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗಿಗೆ ಶಿಫಾರಸು ಮಾಡಿತ್ತು. ರಿಸರ್ವ್ ಬ್ಯಾಂಕ್ 2017ರಲ್ಲಿ ಅದನ್ನು ಕೈಬಿಟ್ಟಿತು. ಬಾಗಿಲು ಮುಚ್ಚಿದ ಕಡೆ ಕಳ್ಳಕಿಂಡಿ ತೆರೆಯುತ್ತದೆ.

ಷೇರು ಕೊಳ್ಳಬಲ್ಲವರಿಗೆ ಕೃಷಿಯಂತ್ರ ಕಂಪೆನಿಗಳಿವೆ. 1967ರಲ್ಲಿ ಆರಂಭವಾದ, ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರ್ ತಯಾರಿಸಿದ ಬೆಂಗಳೂರಿನ ವಿ.ಎಸ್.ಟಿ. ಅದಕ್ಕೊಂದು ಉದಾಹರಣೆ. ಟಿಲ್ಲರ್ ತಯಾರಿಕೆ ಹಲಾಲ್ ಉದ್ಯಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಂಪೆನಿಯ ಸಾಲ ಎಷ್ಟು, ಬಡ್ಡಿಯ ಆದಾಯ ಎಷ್ಟು ಎಂಬುದನ್ನು ವಾರ್ಷಿಕ ವರದಿಯಲ್ಲಿ ನೋಡದೆ ಯಾವ ಷೇರನ್ನೂ ಕೊಳ್ಳಬಾರದು. ಬಡ್ಡಿಯ ಅಂಶವಿದ್ದರೆ ಅಷ್ಟು ಭಾಗವನ್ನು ದಾನವಾಗಿ ಕಳೆಯಬೇಕೆಂಬುದು ವಿದ್ವಾಂಸರ ನಿಲುವು. ಬೆಲೆ ಇಳಿದರೆ ನಷ್ಟವೂ ನಮ್ಮದೇ.

ಊರಿನಲ್ಲೇ ಇನ್ನೊಂದು ದಾರಿಯಿದೆ. ಪ್ರವಾದಿವರ್ಯರು(ಸ) ಖೈಬರಿನ ಭೂಮಿಯನ್ನು ಅಲ್ಲಿನ ಯಹೂದಿಯರಿಗೇ ಬೆಳೆಯ ಅರ್ಧಪಾಲಿನ ಕರಾರಿನಲ್ಲಿ ವಹಿಸಿದ್ದರು. ಹತ್ತಿಪ್ಪತ್ತು ಮಂದಿ ಪಾಲು ಹಾಕಿ ನಾಟಿ ಯಂತ್ರವನ್ನೋ ಕಟಾವು ಯಂತ್ರವನ್ನೋ ಕೊಂಡು, ಎಲ್ಲ ಧರ್ಮದ ರೈತರಿಗೂ ನ್ಯಾಯವಾದ ಬಾಡಿಗೆಗೆ ಕೊಡುವುದು ಆ ಪರಂಪರೆಗೆ ಹೊರತಲ್ಲ. ಗ್ಯಾರೇಜು ಕೆಲಸ ಬಲ್ಲ ಯುವಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸರಕಾರವೂ 2014-15ರಿಂದ 'ಕೃಷಿ ಯಂತ್ರಧಾರೆ' ಕೇಂದ್ರಗಳ ಮೂಲಕ ಇದನ್ನೇ ಮಾಡಲು ಹೊರಟಿತು. ಕೊಯ್ಲು ಮುಗಿದ ಮೇಲೆ ಯಂತ್ರ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ, ರಿಪೇರಿಯ ಖರ್ಚು ನಿಲ್ಲುವುದಿಲ್ಲ. ಆದುದರಿಂದ ತಿಂಗಳಿಗಿಷ್ಟು ಎಂದು ಯಾರಿಗೂ ಮಾತು ಕೊಡಲಾಗದು. ಲಾಭ ಬಂದರೆ ಮೊದಲೇ ಒಪ್ಪಿದ ಅನುಪಾತದಲ್ಲಿ ಹಂಚಬೇಕು, ನಷ್ಟವಾದರೆ ಬಂಡವಾಳದ ಪ್ರಮಾಣದಲ್ಲಿ ಹೊರಬೇಕು.

ಮಸೀದಿ ಕಮಿಟಿಯ ರಸೀದಿಯಲ್ಲಿ ಇಂತಹ ಹಣ ಸಂಗ್ರಹಿಸಕೂಡದು. ನೋಂದಣಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆಯುವುದನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಪಾಲುದಾರಿಕೆಯಾಗಲಿ ಸಹಕಾರ ಸಂಘವಾಗಲಿ, ನೋಂದಾಯಿಸಿಯೇ ಆರಂಭಿಸಬೇಕು. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರ ವರದಿಯನ್ನು ಪಾಲುದಾರರೆಲ್ಲರ ಮುಂದೆ ಓದಬೇಕು. ನಾಟಿಯ ಕೂಲಿಯಿಂದಲೇ ಒಲೆ ಹಚ್ಚುವ ಹೆಂಗಸರಿಗೆ ಯಂತ್ರ ಬಂದ ಮೇಲೆ ಏನು ಕೆಲಸವೆಂಬ ಪ್ರಶ್ನೆಯನ್ನೂ ಆ ಸಭೆಯಲ್ಲೇ ಎತ್ತಬೇಕು.