ಮುತ್ತಿಟ್ಟು ಬಿಟ್ಟ ಮೀನು, ಬಲೆ ಬಿಟ್ಟ ಮೀನುಗಾರ

ಆಟ ಮುಗಿಸಿದ ಆಟಗಾರರಲ್ಲಿ ಕೆಲವರು ಕೋಚ್ ಆಗುತ್ತಾರೆ, ಕೆಲವರು ರಾಜಕೀಯಕ್ಕೆ ಇಳಿಯುತ್ತಾರೆ, ಇನ್ನು ಕೆಲವರು ಮೈಕ್ ಹಿಡಿದು ಕಾಮೆಂಟರಿ ಹೇಳುತ್ತಾರೆ. ಆಸ್ಟ್ರೇಲಿಯಾದ ರೆಕ್ಸ್ ಹಂಟ್ ಒಂದು ಕೈಯಲ್ಲಿ ಮೈಕ್ ಹಿಡಿದರು, ಇನ್ನೊಂದು ಕೈಯಲ್ಲಿ ಗಾಳ ಹಿಡಿದರು. ಎರಡರಲ್ಲೂ ಹೆಸರು ಮಾಡಿದರು. ಮೀನಿನ ಜೊತೆಗೇ ಬದುಕುವ ಕರಾವಳಿಯ ನಮಗೆ ಅವರ ಕಥೆ ಯಾಕೆ ಬೇಕು ಅಂತ ಕೇಳಬಹುದು. ಗಾಳ ಹಾಕುವ ಹವ್ಯಾಸ ಒಂದು ದೊಡ್ಡ ಜನಶಕ್ತಿಯಾಗಿ ಬೆಳೆದರೆ ಬಲೆ ಹಾಕಿ ಹೊಟ್ಟೆ ಹೊರೆಯುವವನ ಗತಿ ಏನಾಗುತ್ತದೆ ಎಂಬ ಪ್ರಶ್ನೆ ಆ ಕಥೆಯ ಕೊನೆಯಲ್ಲಿದೆ. ಅದು ನಮ್ಮ ಪ್ರಶ್ನೆಯೂ ಹೌದು.

ಹಂಟ್ ಹುಟ್ಟಿದ್ದು 1949ರಲ್ಲಿ. ಆಡಿದ್ದು ನಾವು ಟಿವಿಯಲ್ಲಿ ನೋಡುವ ಫುಟ್ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳ, ಒಂದೊಂದು ತಂಡಕ್ಕೆ 18 ಮಂದಿ. ಮೆಲ್ಬರ್ನ್ ಕಡೆಯವರಿಗೆ ಈ ಆಟವೆಂದರೆ ಹುಚ್ಚು. 1968ರಲ್ಲಿ ರಿಚ್‌ಮಂಡ್ ಕ್ಲಬ್ ಪರ ಕಣಕ್ಕಿಳಿದ ಹಂಟ್, 1969 ಮತ್ತು 1973ರಲ್ಲಿ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದರು. ಎರಡೂ ಫೈನಲ್‌ಗಳಲ್ಲಿ ಸೋತದ್ದು ಕಾರ್ಲ್‌ಟನ್. 1969ರ ಫೈನಲ್‌ಗೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಸೇರಿದ್ದ ಪ್ರೇಕ್ಷಕರು 1,19,165. ಆಮೇಲೆ ಜೀಲಾಂಗ್, ಸೇಂಟ್ ಕಿಲ್ಡಾ ಕ್ಲಬ್‌ಗಳಿಗೆ ಆಡಿ, ಒಟ್ಟು 202 ಪಂದ್ಯಗಳ ಬಳಿಕ 1978ರಲ್ಲಿ ಬೂಟು ಬಿಚ್ಚಿದರು.

ಒಂದು ಮಾತು ಗಮನಿಸಬೇಕು. ಆ ಕಾಲದ ಆಟಗಾರರಿಗೆ ಆಟದ ದುಡ್ಡೊಂದರಿಂದಲೇ ಸಂಸಾರ ಸಾಗುತ್ತಿರಲಿಲ್ಲ, ವಾರದ ದಿನಗಳಲ್ಲಿ ಬೇರೆ ಕೆಲಸ ಇರಲೇಬೇಕಿತ್ತು. ಹಂಟ್ ವಿಕ್ಟೋರಿಯಾ ರಾಜ್ಯದ ಪೊಲೀಸ್ ಇಲಾಖೆಯಲ್ಲಿದ್ದರು. ದುಡಿದು ತಿನ್ನುವ ಜನರ ನಡುವೆಯೇ ಬೆಳೆದ ಬಾಯಿ ಅದು. ಮೆಲ್ಬರ್ನ್‌ನ ತ್ರೀ ಎಡಬ್ಲ್ಯು ರೇಡಿಯೊದಲ್ಲಿ ಅವರ ಕಾಮೆಂಟರಿ ಪ್ರಸಿದ್ಧವಾದದ್ದು ಇದೇ ಕಾರಣಕ್ಕೆ. ಗಂಟಲು ಬಿರಿಯುವ ಕೂಗು, ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಅಡ್ಡಹೆಸರು. ಆಟ ನೋಡಲು ಹೋಗಲಾಗದವನಿಗೂ ಮೈದಾನದಲ್ಲಿ ಕೂತ ಹಾಗೆ ಅನಿಸಬೇಕು.

ಆದರೆ ಹೊರದೇಶದವರಿಗೆ ಹಂಟ್ ಗೊತ್ತಾದದ್ದು ಫುಟ್ಬಾಲಿನಿಂದಲ್ಲ, ಮೀನಿನಿಂದ. 1990ರ ದಶಕದಲ್ಲಿ ಚಾನೆಲ್ ಸೆವೆನ್‌ನಲ್ಲಿ ಬರುತ್ತಿದ್ದ ಅವರ ಮೀನು ಹಿಡಿಯುವ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದರು. ದೊಡ್ಡ ಮೀನು ಗಾಳಕ್ಕೆ ಬಿದ್ದರೆ ಅದನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿ, ಒಂದು ಮುತ್ತು ಕೊಟ್ಟು, ವಾಪಸ್ ನೀರಿಗೆ ಬಿಡುವುದು ಅವರ ಶೈಲಿ. ‘ಯಿಬ್ಬಿಡ ಯಿಬ್ಬಿಡ’ ಎಂಬ ಅರ್ಥವಿಲ್ಲದ ಒಂದು ಉದ್ಗಾರ ಅವರ ಗುರುತೇ ಆಗಿಬಿಟ್ಟಿತು. ನೋಡಿದವರು ನಕ್ಕರು. ನಗುನಗುತ್ತಲೇ ಒಂದು ಪಾಠವೂ ತಲೆಗೆ ಹೋಯಿತು: ಹಿಡಿದದ್ದನ್ನೆಲ್ಲ ಬುಟ್ಟಿಗೆ ತುಂಬಬೇಕೆಂದಿಲ್ಲ, ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಬಿಡಬಹುದು. ಸರ್ಕಾರಿ ಪೋಸ್ಟರ್ ಮಾಡಲಾಗದ ಕೆಲಸವನ್ನು ಜನಪ್ರಿಯ ಮುಖವೊಂದು ಮಾಡಿತು.

ಕಾನೂನೂ ಅದೇ ದಿಕ್ಕಿನಲ್ಲಿ ನಡೆಯಿತು. ಹವ್ಯಾಸಕ್ಕೆ ಮೀನು ಹಿಡಿಯಲು ವಿಕ್ಟೋರಿಯಾದಲ್ಲಿ ಇಂದು ಲೈಸೆನ್ಸ್ ಬೇಕು, ಆ ಹಣ ಮೀನುಗಾರಿಕೆ ಸಂಬಂಧದ ಕೆಲಸಗಳಿಗೇ ಹೋಗುತ್ತದೆ. ಅಲ್ಲಿನ ನದಿಗಳ ದೊಡ್ಡ ಮೀನು ಮರ್ರೆ ಕಾಡ್ ವಿಷಯದಲ್ಲಿ 2014ರಿಂದ ಒಂದು ನಿಯಮವಿದೆ. 55ರಿಂದ 75 ಸೆಂಟಿಮೀಟರ್ ಉದ್ದದ್ದನ್ನು ಮಾತ್ರ ಮನೆಗೆ ಒಯ್ಯಬಹುದು. ಚಿಕ್ಕದನ್ನು ಬಿಡಬೇಕು, ಅದು ಇನ್ನೂ ಬೆಳೆಯಬೇಕಲ್ಲ. ತೀರಾ ದೊಡ್ಡದನ್ನೂ ಬಿಡಬೇಕು, ಹೆಚ್ಚು ಮೊಟ್ಟೆ ಇಡುವುದು ಅದೇ. ಸೆಪ್ಟೆಂಬರ್‌ನಿಂದ ನವೆಂಬರ್ ತನಕ, ಅಂದರೆ ಅದರ ಸಂತಾನದ ಕಾಲದಲ್ಲಿ, ಹಿಡಿಯುವಂತೆಯೇ ಇಲ್ಲ. ಇಲ್ಲಿಯವರೆಗೆ ಎಲ್ಲವೂ ಒಳ್ಳೆಯದೇ.

ತೊಡಕು ಶುರುವಾಗುವುದು ಇದರ ನಂತರ. ಗಾಳದವರ ಸಂಖ್ಯೆ ದೊಡ್ಡದಾದಾಗ ಅದು ಮತವೂ ಆಗುತ್ತದೆ. 2014ರ ವಿಕ್ಟೋರಿಯಾ ಚುನಾವಣೆಯಲ್ಲಿ ಲೇಬರ್ ಪಕ್ಷ ಹವ್ಯಾಸಿ ಮೀನುಗಾರರಿಗೆ ಎರಡು ಭರವಸೆ ಕೊಟ್ಟಿತು. ರಾಜ್ಯದಲ್ಲಿ ಗಾಳ ಹಾಕುವವರನ್ನು 10 ಲಕ್ಷಕ್ಕೆ ಏರಿಸುವುದು ಒಂದು, ಮೆಲ್ಬರ್ನ್ ಪಕ್ಕದ ಪೋರ್ಟ್ ಫಿಲಿಪ್ ಕೊಲ್ಲಿಯಿಂದ ವೃತ್ತಿಪರರ ಬಲೆಗಳನ್ನು ತೆಗೆಸುವುದು ಇನ್ನೊಂದು. ಗೆದ್ದು ಬಂದ ಸರ್ಕಾರ ಮಾತು ಉಳಿಸಿಕೊಂಡಿತು. ಪರಿಹಾರ ಕೊಟ್ಟು ಹಂತ ಹಂತವಾಗಿ ಲೈಸೆನ್ಸ್‌ಗಳನ್ನು ವಾಪಸ್ ಪಡೆದು, 2022ರ ಹೊತ್ತಿಗೆ ಕೊಲ್ಲಿಯಲ್ಲಿ ಬಲೆ ಮೀನುಗಾರಿಕೆ ನಿಲ್ಲಿಸಲಾಯಿತು. ಗಾಳದಿಂದಲೇ ಹಿಡಿಯುವ ಬೆರಳೆಣಿಕೆಯ ವೃತ್ತಿಪರರಿಗಷ್ಟೇ ಜಾಗ ಉಳಿಯಿತು. ಗಿಪ್ಸ್‌ಲ್ಯಾಂಡ್ ಸರೋವರಗಳಿಗೂ ಇದೇ ನೀತಿ ಹೋಯಿತು. ಹತ್ತಿರದ ತಾಜಾ ಮೀನು ಇನ್ನೆಲ್ಲಿಂದ ತರುವುದು ಅಂತ ಮೆಲ್ಬರ್ನ್‌ನ ಬಾಣಸಿಗರು, ಮೀನು ವ್ಯಾಪಾರಿಗಳು ಆಕ್ಷೇಪಿಸಿದರು. ಪ್ರಯೋಜನ ಆಗಲಿಲ್ಲ.

ಇದನ್ನೆಲ್ಲ ರೆಕ್ಸ್ ಹಂಟ್ ಅವರ ತಲೆಗೆ ಕಟ್ಟಲಾಗದು. ಅವರು ಕಲಿಸಿದ್ದು ಮೀನನ್ನು ಗೌರವಿಸುವುದನ್ನು. ಆದರೆ ಅವರಂಥವರು ಬೆಳೆಸಿದ ಒಂದು ಅಭಿರುಚಿಯಲ್ಲಿ ಗಾಳದವನು ಪ್ರಕೃತಿಪ್ರೇಮಿ, ಬಲೆಯವನು ದೋಚುವವನು ಎಂಬ ಭಾವನೆ ಸುಲಭವಾಗಿ ಹುಟ್ಟಿಕೊಳ್ಳುತ್ತದೆ. ಇದು ಪೂರ್ತಿ ಸತ್ಯವಲ್ಲ. ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಗಾಳ ಆಳಕ್ಕೆ ಚುಚ್ಚಿದ್ದರೆ, ನೀರಿನ ಹೊರಗೆ ಹೆಚ್ಚು ಹೊತ್ತು ಇಟ್ಟಿದ್ದರೆ ಅದು ಆಮೇಲೆ ಸಾಯುತ್ತದೆ. ತಿನ್ನುವ ಉದ್ದೇಶವಿಲ್ಲದೆ ಹಿಡಿದು ಬಿಡುವುದನ್ನೇ ಸ್ವಿಟ್ಸರ್‌ಲ್ಯಾಂಡ್‌ನ ಪ್ರಾಣಿ ಸಂರಕ್ಷಣಾ ಕಾನೂನು ಒಪ್ಪುವುದಿಲ್ಲ. ಆಟಕ್ಕಾಗಿ ನೋಯಿಸುವುದು ಸರಿಯಲ್ಲ ಎಂಬುದು ಅವರ ವಾದ.

ಈ ಚರ್ಚೆ ನಮ್ಮ ರಾಜ್ಯದಲ್ಲೂ ಆಗಿದೆ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಬಿಳಿ ಮೀನು, ಅಂದರೆ ಮಹಶೀರ್ ಹಿಡಿದು ಬಿಡಲು ವಿದೇಶಗಳಿಂದ ಜನ ಬರುತ್ತಿದ್ದರು. ಅಭಯಾರಣ್ಯದೊಳಗೆ ಗಾಳ ಹಾಕುವುದಕ್ಕೆ ವನ್ಯಜೀವಿ ಕಾಯ್ದೆಯ ಆಧಾರದಲ್ಲಿ 2010ರ ದಶಕದ ಆರಂಭದಲ್ಲಿ ತಡೆ ಬಿತ್ತು. ವಿಚಿತ್ರ ನೋಡಿ, ಗಾಳಿಬೋರೆ ಶಿಬಿರದ ಗಾಳದವರು 1998ರಿಂದ 2012ರ ತನಕ ಬರೆದಿಟ್ಟ ಲೆಕ್ಕವೇ ಬೆನ್ನು ಉಬ್ಬಿದ ಮೂಲ ಮಹಶೀರ್ ಕಣ್ಮರೆಯಾಗುತ್ತಿದೆ, ಹೊರಗಿನಿಂದ ತಂದು ಬಿಟ್ಟ ತಳಿ ಹೆಚ್ಚುತ್ತಿದೆ ಎಂಬುದನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟಿತು. 2018ರಲ್ಲಿ ಆ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹಾಗಾಗಿ ಹವ್ಯಾಸಿಯನ್ನು ಪೂರ್ತಿ ಹೊರಗಿಡುವುದೂ ಜಾಣತನವಲ್ಲ.

ನಮ್ಮ ಸಮುದ್ರದ ಲೆಕ್ಕ ಮಾತ್ರ ಬೇರೆ. ಇಲ್ಲಿ ದೋಣಿಯವರು, ಧಕ್ಕೆಯಲ್ಲಿ ಏಲಂ ಕೂಗುವವರು, ಮಂಜುಗಡ್ಡೆ ಹೊರುವವರು, ಬೈಕಿನಲ್ಲಿ ಪೆಟ್ಟಿಗೆ ಕಟ್ಟಿ ಊರೂರಿಗೆ ಬಂಗುಡೆ ಬೂತಾಯಿ ಮಾರುವವರು ಎಲ್ಲರ ಊಟವೂ ಬಲೆಯಿಂದಲೇ ಬರಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದರೂ ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇರುವುದು ಇದೇ ಕಾರಣಕ್ಕೆ. ಮೀನೂ ಉಳಿಯಬೇಕು, ಬಡವನ ಒಲೆಯೂ ಉರಿಯಬೇಕು. ನಾಳೆ ಗಾಳದ ಪ್ರವಾಸೋದ್ಯಮ ನಮ್ಮ ಅಳಿವೆಗಳಿಗೂ ದ್ವೀಪಗಳ ಬದಿಗೂ ದೊಡ್ಡದಾಗಿ ಬಂದರೆ, ನಿಯಮ ಬರೆಯುವ ಮೇಜಿನ ಸುತ್ತ ಮೊದಲ ಕುರ್ಚಿ ಯಾರಿಗೆ ಎಂಬುದನ್ನು ಈಗಲೇ ಕೇಳಿಟ್ಟುಕೊಳ್ಳಬೇಕು.

ಹಂಟ್ ಖಿನ್ನತೆಯೊಂದಿಗಿನ ತಮ್ಮ ಹೋರಾಟವನ್ನೂ ಜನರ ಮುಂದೆ ಮುಚ್ಚಿಡದೆ ಹೇಳಿಕೊಂಡವರು. ಮೈದಾನದಲ್ಲಿ, ಮೈಕಿನ ಮುಂದೆ, ದೋಣಿಯಲ್ಲಿ ಅಷ್ಟು ಗದ್ದಲ ಎಬ್ಬಿಸಿದ ಮನುಷ್ಯ ಹಾಗೆ ಬಾಯಿ ಬಿಟ್ಟಾಗ ಎಷ್ಟೋ ಗಂಡಸರಿಗೆ ಮಾತಾಡಲು ಧೈರ್ಯ ಬಂದೀತು. ಅವರ ಬದುಕಿನಿಂದ ತೆಗೆದುಕೊಳ್ಳಬೇಕಾದದ್ದು ಸಾಕಷ್ಟಿದೆ: ಹೆಸರಿನ ಬಲವನ್ನು ಒಳ್ಳೆಯ ಅಭ್ಯಾಸವೊಂದನ್ನು ಹರಡಲು ಬಳಸಿದ್ದು, ಸಾಕು ಎನ್ನುವುದನ್ನು ಕಲಿಸಿದ್ದು. ಮೀನಿಗೆ ತೋರಿಸುವ ಆ ದಯೆಯಲ್ಲಿ ಒಂದು ಪಾಲು ಮೀನು ಹಿಡಿದೇ ಬದುಕುವವನಿಗೂ ಸಿಗಬೇಕು ಎಂಬುದಷ್ಟೇ ನಾವು ಸೇರಿಸಬೇಕಾದ ಮಾತು.