ಬಾಗಿಲು ತೆಗಿ ಅಂದವರು ಯಾರು?

ನಾನು ಏಳನೇ ಇಯತ್ತೆ ಕಲಿತವ. ಹೊಲ ಮತ್ತು ಗೀಗೀ ಪದ, ಇವೆರಡು ಬಿಟ್ಟರೆ ಬೇರೆ ವಿದ್ಯೆ ನನಗಿಲ್ಲ. ಸಿನಿಮಾದ ಬಗ್ಗೆ ಬರಿಯಾಕ ಇವನ್ಯಾರು ಅಂತ ಕೇಳಿದರೆ ನನ್ನ ಹತ್ತಿರ ಜವಾಬು ಇಲ್ಲ. ಆದರೂ ಬರೀತೀನಿ. ಯಾಕಂದ್ರ ಆ ರಾತ್ರಿ ಸಿನಿಮಾ ಮುಗಿದ ಮೇಲೆ ಗುಡಿ ಕಟ್ಟೆಯ ಮ್ಯಾಲೆ ನಡೆದ ಮಾತು ನನಗೆ ಹಿಡಿಸಲಿಲ್ಲ. ಅವತ್ತು ಹೊತ್ತಾಗಿತ್ತು, ಎಲ್ಲರೂ ಎದ್ದು ಹೋದರು. ಅಲ್ಲಿ ಉಳಿದ ಮಾತು ಇಲ್ಲಿ ಹೇಳತೀನಿ.

ಗುರುಗಳು ವಾಚನಾಲಯದ ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದ್ದು 'ಮೆಟ್ರೊಪೊಲಿಸ್' ಎಂಬ ಜರ್ಮನಿಯ ಸಿನಿಮಾ. 1927ರಲ್ಲಿ ಬಂದದ್ದು. ಮಾಡಿದವರು ಫ್ರಿಟ್ಜ್ ಲಾಂಗ್, ಕಥೆ ಬರೆದವರು ಅವರ ಹೆಂಡತಿ ಥೇಯಾ ಫಾನ್ ಹಾರ್ಬೌ. ಬಂದ ವರ್ಷವೇ ಅದನ್ನು ಕತ್ತರಿಸಿ ಸಣ್ಣದು ಮಾಡಿದ್ದರಂತೆ. ಕಳೆದುಹೋದ ಭಾಗ ಬಹಳಷ್ಟು 2008ರಲ್ಲಿ ಅರ್ಜೆಂಟೀನಾ ದೇಶದ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು ಎಂದು ಗುರುಗಳು ಹೇಳಿದರು. ಅದು ಮೂಕಿ ಚಿತ್ರ. ನಡುವೆ ಬರುವ ಅಕ್ಷರಗಳನ್ನು ಗುರುಗಳು ಕನ್ನಡದಾಗ ಓದಿ ಹೇಳಿದರು. ಹಂಗಾಗಿ ಮರಾಠಿ ಶಾಲೆಯ ಹುಡುಗರಿಗೂ ಕನ್ನಡ ಶಾಲೆಯ ಹುಡುಗರಿಗೂ ಒಂದೇ ಸಮ ತಿಳಿಯಿತು.

ನೋಡದೇ ಇದ್ದವರಿಗಾಗಿ ಕಥೆ ಹೇಳತೀನಿ. ಮುಂದೆ ಬರುವ ಕಾಲದ ಒಂದು ದೊಡ್ಡ ಪಟ್ಟಣ. ಮೇಲೆ ಮುಗಿಲಿಗೆ ಮುಟ್ಟಿದ ಮಹಡಿಗಳು, ತೋಟ, ಉಳ್ಳವರ ಮಕ್ಕಳ ಆಟ. ನೆಲದ ಕೆಳಗೆ ಯಂತ್ರಗಳು, ಅದಕ್ಕೂ ಕೆಳಗೆ ಕೂಲಿಯವರ ಮನೆಗಳು. ಹತ್ತು ತಾಸಿನ ಪಾಳಿ. ಈ ಪಟ್ಟಣ ಆಳುವ ದೊಡ್ಡ ಸಾಹೇಬನ ಹೆಸರು ಯೋ ಫ್ರೆಡರ್ಸನ್. ಎತ್ತರದ ಗೋಪುರದ ಕಚೇರಿಯಲ್ಲಿ ಕೂತು ಆಜ್ಞೆ ಕೊಡತಾನ. ಯಂತ್ರ ಸಿಡಿದು ಕೂಲಿಯವರು ಸತ್ತಾಗ, ಈ ಸುದ್ದಿ ನನಗೆ ಮಗನ ಬಾಯಿಂದ ಯಾಕೆ ಬಂತು, ನಿನ್ನಿಂದ ಯಾಕೆ ಬರಲಿಲ್ಲ ಎಂದು ಕಾರಕೂನನನ್ನು ಗದರಿಸತಾನ. ಸತ್ತವರ ಮಾತೇ ಇಲ್ಲ. ಆಮೇಲೆ ಆ ಕಾರಕೂನನನ್ನೇ ಕೆಲಸದಿಂದ ತೆಗೀತಾನ. ಸ್ವಂತ ಮಗನ ಬೆನ್ನಿಗೆ ಒಬ್ಬ ಗೂಢಚಾರನನ್ನು ಹಚ್ಚತಾನ.

ಕೂಲಿಯವರು ನಂಬಿದ್ದು ಮರಿಯಾ ಎಂಬ ಹೆಣ್ಣುಮಗಳನ್ನು. ಪಾಳಿ ಮುಗಿದ ಮೇಲೆ ಅವರೆಲ್ಲ ಹಳೇ ಸುರಂಗದಾಗ ಕೂಡತಾರ. ಅವಳು ದೀಪ ಹಚ್ಚಿಟ್ಟು, ತಾಳ್ಮೆ ಇರಲಿ, ತಲೆಗೂ ಕೈಗೂ ನಡುವೆ ನಿಲ್ಲುವ ಒಬ್ಬ ಬರತಾನ ಎಂದು ಹೇಳತಾಳ. ಸಾಹೇಬ ಗೋಡೆಯ ಕಿಂಡಿಯಿಂದ ಇದನ್ನು ಕದ್ದು ನೋಡತಾನ. ರೋಟ್‌ವಾಂಗ್ ಎಂಬ ವಿಜ್ಞಾನಿ ಒಂದು ಲೋಹದ ಹೆಣ್ಣನ್ನು ಮಾಡಿ ಇಟ್ಟಿರತಾನ. ಅದಕ್ಕೆ ಮರಿಯಾಳ ಮುಖ ಕೊಡು, ಕೂಲಿಯವರ ಒಗ್ಗಟ್ಟು ಒಡಿ ಎಂದು ಸಾಹೇಬನ ಆಜ್ಞೆ. ನಿಜವಾದ ಮರಿಯಾಳನ್ನು ವಿಜ್ಞಾನಿ ಹಿಡಿದು ತನ್ನ ಮನೆಯಲ್ಲಿ ಇಡತಾನ. ಸುಳ್ಳು ಮರಿಯಾ ಸುರಂಗಕ್ಕೆ ಹೋಗಿ, ಯಂತ್ರ ಒಡೀರಿ ಎಂದು ಹುರಿದುಂಬಿಸತಾಳ. ಜನ ಏಳತಾರ. ಮಕ್ಕಳನ್ನು ಮನೆಯಲ್ಲೇ ಬಿಟ್ಟು ಓಡತಾರ. ಯಂತ್ರ ಒಡೆದಾಗ ಕೆಳಗಿನ ಊರಿಗೆ ನೀರು ನುಗ್ಗತದ. ಮಕ್ಕಳನ್ನು ಉಳಿಸೋದು ನಿಜವಾದ ಮರಿಯಾ, ಸಾಹೇಬನ ಮಗ, ಮತ್ತ ಕೆಲಸ ಕಳೆದುಕೊಂಡ ಆ ಕಾರಕೂನ. ಮಕ್ಕಳು ಸತ್ತರೆಂದು ತಿಳಿದ ಜನ ಸುಳ್ಳು ಮರಿಯಾಳನ್ನು ಮಾಟಗಾತಿ ಎಂದು ಕಂಬಕ್ಕೆ ಕಟ್ಟಿ ಸುಡತಾರ. ಬೆಂಕಿಯಲ್ಲಿ ಚರ್ಮ ಹೋಗಿ ಲೋಹ ಕಾಣತದ. ಕೊನೆಗೆ ಚರ್ಚಿನ ಬಾಗಿಲಲ್ಲಿ ಮಗ ಅಪ್ಪನ ಕೈಯನ್ನು ಕೂಲಿಯವರ ಮುಕಾದಮನ ಕೈಗೆ ಕೂಡಿಸತಾನ. ಇಷ್ಟು ಕಥೆ.

ಕಟ್ಟೆಯ ಮ್ಯಾಲೆ ಎರಡು ಮಾತು ಬಂದವು. ಒಬ್ಬರು ಅಂದರು, "ನೋಡ್ರಿ, ಯಂತ್ರಕ್ಕ ಮನಷ್ಯಾನ ಮುಖ ಬಂದರ ಊರು ಹಾಳು." ಇನ್ನೊಬ್ಬರು, ಅವರು ಕಲಿತವರು, ಅಂದರು, "ಕೊನೆ ಭಾಳ ಚಲೋ ಅದ. ತಲೆ, ಕೈ, ನಡುವೆ ಹೃದಯ." ಎಲ್ಲರೂ ತಲೆ ಅಲ್ಲಾಡಿಸಿದರು. ಈ ಎರಡೂ ಮಾತು ತಪ್ಪು ಅನ್ನೋದು ನನ್ನ ವಾದ.

ಮೊದಲನೇ ಮಾತು ತಗೋರಿ. ಲೋಹದ ಹೆಣ್ಣು ತಾನಾಗಿ ಏನು ಮಾಡಿತು? ಮುಖ ಕೊಡು ಅಂದವ ಸಾಹೇಬ. ಕೊಟ್ಟವ ವಿಜ್ಞಾನಿ, ಅವನಿಗೆ ಸಾಹೇಬನ ಮೇಲೆ ಬೇರೆ ಹಗೆ ಇತ್ತು. ಇದಕ್ಕಿಂತ ದೊಡ್ಡ ಗುರುತು ಒಂದು ಅದ, ಅದನ್ನು ಕಟ್ಟೆಯ ಮ್ಯಾಲೆ ಯಾರೂ ಎತ್ತಲಿಲ್ಲ. ಜನ ದೊಡ್ಡ ಯಂತ್ರದ ಕಡೆ ನುಗ್ಗಿದಾಗ ಮುಕಾದಮ ಗ್ರೋಟ್ ಬಾಗಿಲು ಮುಚ್ಚತಾನ. ಅದು ಊರಿನ ಜೀವದ ಯಂತ್ರ, ಒಡೆದರೆ ಎಲ್ಲಾ ಮುಳುಗತದ ಎಂಬುದು ಅವನಿಗೆ ಗೊತ್ತು. ಆಗ ಸಾಹೇಬ ಮುಖ ಕಾಣುವ ಫೋನಿನಲ್ಲಿ ಬರತಾನ. ನೆನಪಿಡ್ರಿ, 1927ರಲ್ಲೇ ಆ ಫೋನು ತೋರಿಸ್ಯಾರ. ಬಾಗಿಲು ತೆಗಿ ಅಂತಾನ. ಮುಕಾದಮ ಬ್ಯಾಡ್ರಿ ಅಂತಾನ. ಸಾಹೇಬ ಮತ್ತೆ ಅದನ್ನೇ ಹೇಳತಾನ. ಬಾಗಿಲು ತೆರೀತದ. ಜನ ತಪ್ಪು ಮಾಡಲಿ, ಆಮೇಲೆ ಅವರನ್ನು ಬಡಿಯಾಕ ನನಗೆ ಕಾರಣ ಸಿಗತದ ಅನ್ನೋದು ಅವನ ಲೆಕ್ಕ. ಇದು ಯಂತ್ರದ ಬುದ್ಧಿ ಅಲ್ಲ, ಕುರ್ಚಿಯ ಬುದ್ಧಿ.

ಬೆಂಕಿ ಬಿದ್ದದ್ದು ಯಾರಿಗೆ? ಲೋಹದ ಹೆಣ್ಣಿಗೆ. ಆಜ್ಞೆ ಕೊಟ್ಟವ ಚರ್ಚಿನ ಮುಂದೆ ಕೈ ಕುಲುಕಿ ನಿಂತ. ನಾನು ನಲವತ್ತು ವರ್ಷ ಹರದೇಶಿ ಮೇಳದಾಗ ದಪ್ಪು ಬಡಿದವ, ಗಂಡು ಹೆಚ್ಚು ಅಂತ ವಾದ ಹಾಕಿದವ. ಆವತ್ತು ಮಾತ್ರ ನಾಗೇಶಿ ಕಡೆ ಎದ್ದು ನಿಲ್ಲಬೇಕು ಅನಿಸಿತು. ಇಬ್ಬರು ಗಂಡಸರು ಕೂಡಿ ಹೂಡಿದ ಆಟಕ್ಕೆ ಸುಟ್ಟದ್ದು ಹೆಣ್ಣಿನ ರೂಪ. ನಿಜವಾದ ಮರಿಯಾಳನ್ನೂ ಜನ ಅಟ್ಟಿಸಿಕೊಂಡು ಹೋದರು. ಬೆಳೆ ಹೋದಾಗ, ದನ ಸತ್ತಾಗ, ಓಣಿಯ ಒಬ್ಬ ವಿಧವೆಯ ಮೇಲೆ ಕಣ್ಣು ಹಾಕುವ ಚಾಳಿ ನಮ್ಮಲ್ಲೂ ಇತ್ತು. ಅದನ್ನು ಕಂಡವರು ಇನ್ನೂ ಬದುಕ್ಯಾರ.

ರೋಬೋಟ್ ಎಂಬ ಶಬ್ದ ಎಲ್ಲಿಂದ ಬಂತು ಅಂತ ಗುರುಗಳನ್ನು ಕೇಳಿದೆ. ಚೆಕ್ ಭಾಷೆಯ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ಒಂದು ನಾಟಕದಿಂದ ಬಂತಂತೆ. ಅವರ ಭಾಷೆಯಲ್ಲಿ 'ರೋಬೋಟಾ' ಅಂದರೆ ಒಡೆಯನಿಗೆ ಕಡ್ಡಾಯವಾಗಿ ಮಾಡುವ ದುಡಿಮೆ. ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ನಮ್ಮ ಅಜ್ಜ ವಾಡೆಗೆ ಬಿಟ್ಟಿ ಹೋಗತಿದ್ದ. ಬಿಟ್ಟಿ ಆಳಿನ ಮೇಲೆ ಸಿಟ್ಟು ಮಾಡಿ ವಾಡೆಗೆ ಕೈ ಮುಗಿದು ಬಂದರೆ ಅದು ಎಂಥ ನ್ಯಾಯ?

ಅದು ಕಥೆ, ಸುಮಾರು ನೂರು ವರ್ಷದ್ದು, ನಮಗೇನು ಸಂಬಂಧ ಅಂತ ಕೇಳಬಹುದು. ಸಂಬಂಧ ಅದ. ಹೋದ ವರ್ಷ ಒಂದು ತಿಂಗಳು ನಮ್ಮ ಮನೆಗೆ ರೇಷನ್ ಬರಲಿಲ್ಲ. ಕುಂಟೆ ಹಿಡಿದು, ದಪ್ಪು ಬಡಿದು ನನ್ನ ಹೆಬ್ಬೆಟ್ಟಿನ ಗೆರೆ ಸವೆದಾವ. ಯಂತ್ರದ ಮೇಲೆ ನಾಲ್ಕು ಸಲ ಒತ್ತಿದೆ, ಒಪ್ಪಲಿಲ್ಲ. "ಮಷೀನ್ ಬ್ಯಾಡ ಅಂತದ, ನಾ ಏನ್ ಮಾಡ್ಲಿ ಕಾಕಾ?" ಅಂದರು. ಕಚೇರಿಗೆ ಹೋದೆ, ಅಲ್ಲೂ ಅದೇ ಮಾತು ಮರಾಠಿಯಲ್ಲಿ. ನಾನೂ ಮಷೀನಿಗೆ ಬೈದು ಮನೆಗೆ ಬಂದೆ. ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಕಾಳು ತಪ್ಪಿಸಬಾರದು ಎಂದು ಕೇಂದ್ರ ಸರ್ಕಾರ 2017ರಲ್ಲೇ ಸೂಚನೆ ಕೊಟ್ಟದ ಅನ್ನೋದು ಆಮೇಲೆ ಗುರುಗಳಿಂದ ತಿಳೀತು. ಕಚೇರಿಯಲ್ಲಿ ಕೂತವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ, ನಾನು ಹೇಳಲಾರೆ. ಮಷೀನಿನ ಹಿಂದೆ ಒಬ್ಬ ಮನುಷ್ಯ ಇದ್ದ, ನಾನು ಅವನನ್ನು ಕೇಳಲಿಲ್ಲ, ಇಷ್ಟು ಹೇಳಬಲ್ಲೆ. ಆ ತಿಂಗಳು ಮನೆಯಾಕಿ ನೆರೆಮನೆಯಿಂದ ಜೋಳ ಕಡ ತಂದಳು.

ಎಲ್ಲಾ ನೌಕರರೂ ಫ್ರೆಡರ್ಸನ್ ಅಂತ ನಾನು ಅನ್ನೋದಿಲ್ಲ. ಸಿನಿಮಾದ ಕಾರಕೂನನೂ ಆ ಕಚೇರಿಯವನೇ, ಕೊನೆಗೆ ಮಕ್ಕಳನ್ನು ಉಳಿಸಾಕ ನೀರಿಗೆ ಇಳಿದವ. ಮುಕಾದಮನೂ ಒಮ್ಮೆ ಬ್ಯಾಡ ಅಂದ. ಎರಡನೇ ಸಲ ಅನ್ನಲಿಲ್ಲ, ಅಷ್ಟೇ ಅವನ ತಪ್ಪು, ಆದರೆ ಆ ತಪ್ಪು ಸಣ್ಣದಲ್ಲ. ನಮ್ಮ ಮಕ್ಕಳೂ ಕಲಿತು ಕಚೇರಿಗೆ ಹೋಗಬೇಕು ಅಂತ ನಾವೇ ಬಯಸತೀವಿ. ಹೋದವರು ಎರಡನೇ ಸಲವೂ ಬ್ಯಾಡ್ರಿ ಅನ್ನುವಷ್ಟು ಗಟ್ಟಿ ಇರಲಿ.

ಈಗ ಎರಡನೇ ಮಾತು, ಆ ಚೆಂದದ ಕೊನೆ. ಕೈ ಕೂಡಿಸಿದರು, ಸರಿ. ಪಾಳಿ ಹತ್ತು ತಾಸಿನಿಂದ ಇಳಿಯಿತೇ? ಕೂಲಿಯವರ ಮನೆ ನೆಲದ ಮೇಲೆ ಬಂತೇ? ಯಂತ್ರ ಸಿಡಿದು ಸತ್ತವರ ಮನೆಯವರನ್ನು ಸಾಹೇಬ ಕಂಡನೇ? ಬಾಗಿಲು ತೆಗಿ ಅಂದವ ನಾನೇ ಎಂದು ಜನರ ಮುಂದೆ ಒಪ್ಪಿಕೊಂಡನೇ? ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಮಗನ ಜೀವದ ಭಯಕ್ಕೆ ಅವನ ಕೂದಲು ಬೆಳ್ಳಗಾಯಿತು, ನಿಜ. ಅಪ್ಪನ ದುಃಖ ನನಗೂ ತಿಳೀತದ. ಆದರೆ ತನ್ನ ಮಗನಿಗಾಗಿ ಅತ್ತದ್ದು ಪರರ ಮಕ್ಕಳ ಲೆಕ್ಕ ಆಗೋದಿಲ್ಲ. ಈ ಕೊನೆ ತನಗೇ ಒಪ್ಪಿಗೆ ಇರಲಿಲ್ಲ ಅಂತ ಫ್ರಿಟ್ಜ್ ಲಾಂಗ್ ಅವರೇ ವಯಸ್ಸಾದ ಮೇಲೆ ಹೇಳಿದ್ದಾರಂತೆ. ಮಾಡಿದವರಿಗೇ ಬೇಡಾದದ್ದನ್ನು ನಾವ್ಯಾಕೆ ಹೊಗಳಬೇಕು?

ರಾಜಿ ಬ್ಯಾಡ ಅಂತ ನಾನು ಹೇಳತಿಲ್ಲ. ಗಡಿ ಊರಿನವರು ನಾವು, ಎರಡು ಭಾಷೆಯ ನಡುವೆ ರಾಜಿಯಲ್ಲೇ ಬದುಕಿದವರು. ಆದರೆ ನಮ್ಮ ಪಂಚಾಯಿತಿ ಕಟ್ಟೆಯಲ್ಲೂ ಮೊದಲು ತಪ್ಪು ಒಪ್ಪಬೇಕು, ಆಮೇಲೆ ಕೈ ಕೊಡಬೇಕು. ಇದು ಅಜ್ಜಂದಿರ ಪದ್ಧತಿ.

ಇನ್ನು ನಮ್ಮ ಕಡೆಯ ತಪ್ಪೂ ಹೇಳಬೇಕು. ಕೂಲಿಯವರು ಮುಖ ನೋಡಿ ನಂಬಿದರು, ಮಾತು ಕೇಳಲಿಲ್ಲ. ನಿನ್ನೆ ತಾಳ್ಮೆ ಅಂದವಳು ಇವತ್ತು ಒಡೀರಿ ಅಂತಾಳಲ್ಲ, ಯಾಕ ಅಂತ ಒಬ್ಬರೂ ಕೇಳಲಿಲ್ಲ. ಮನೆಯಲ್ಲಿ ಮಕ್ಕಳು ಅದಾವ ಅಂತ ಒಬ್ಬರೂ ತಿರುಗಿ ನೋಡಲಿಲ್ಲ. ಈಗ ಮೊಬೈಲಿನಾಗ ಸತ್ತವರ ಮುಖವೂ ಮಾತಾಡತದ, ಹಾಡುಗಾರರ ದನಿಯನ್ನೂ ಯಂತ್ರ ತೆಗೀತದ. ನಾಳೆ ನನ್ನ ಮುಖ, ನನ್ನ ದನಿಯಲ್ಲೇ ಪಕ್ಕದ ಊರಿನವರನ್ನು ಬಡೀರಿ ಅಂತ ಒಂದು ಪದ ಬಂದರೆ, ದಯವಿಟ್ಟು ನಂಬಬ್ಯಾಡ್ರಿ. ನನ್ನ ಮನೆಗೆ ಬಂದು ಕೇಳ್ರಿ.

ಕಚೇರಿಯಲ್ಲಿ ಮಷೀನ್ ಒಪ್ಪಲಿಲ್ಲ ಅಂದರೆ ಸುಮ್ಮನೆ ತಿರುಗಿ ಬರಬ್ಯಾಡ್ರಿ. ಯಾವ ಆದೇಶದ ಪ್ರಕಾರ ಇಲ್ಲ ಅಂತೀರಿ, ಅದನ್ನು ಸಹಿ ಮಾಡಿ ಬರೆದು ಕೊಡ್ರಿ ಅನ್ನಿ. ಮರಾಠಿ ಬರೆಯಾಕ ಬಾರದವರಿಗೆ ಅರ್ಜಿ ಬರೆದು ಕೊಡುವ ಕೆಲಸ ವಾರಕ್ಕೊಂದು ಸಂಜೆ ಈ ವಾಚನಾಲಯದಲ್ಲೇ ನಡೆಯಲಿ ಎಂದು ಗುರುಗಳಲ್ಲಿ ನನ್ನ ಬೇಡಿಕೆ. ದೀಪ ಹಚ್ಚಿ ಜಮಖಾನೆ ಹಾಸುವ ಕೆಲಸ ನನ್ನದು.