ದನದ ಔಷಧಿಗೆ ಹೆಸರು ಬೇಡವೇ?

ಕೆಲವು ಪಶು ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಮೊದಲು ಕೇಳುವ ಪ್ರಶ್ನೆ ಒಂದೇ: "ಬಾಟ್ಲಿ ತಂದಿದೀಯೇನಯ್ಯಾ?" ರೈತನ ಕೈಲಿರುವುದು ಬ್ರಾಂದಿ ಬಾಟ್ಲಿ, ಇಲ್ಲವೇ ಜ್ಯೂಸಿನ ಪ್ಲಾಸ್ಟಿಕ್ ಬಾಟ್ಲಿ. ದೊಡ್ಡ ಕ್ಯಾನಿನಿಂದ ಅದಕ್ಕೆ ಸುರಿದಾಯಿತು. ಮಾತ್ರೆಯಾದರೆ ಹಳೇ ಪೇಪರಿನ ಪೊಟ್ಟಣ. "ಬೆಳಿಗ್ಗೆ ಒಂದು, ಸಂಜೆ ಒಂದು, ಹೋಗು." ಅಲ್ಲಿಗೆ ಮುಗಿಯಿತು.

ಪ್ರಾಣಿಗಳ ಔಷಧಿಯ ಲೇಬಲ್ಲಿನ ಮೇಲೆ 'ಮನುಷ್ಯರ ಬಳಕೆಗಲ್ಲ, ಪ್ರಾಣಿ ಚಿಕಿತ್ಸೆಗೆ ಮಾತ್ರ' ಎಂಬ ಎಚ್ಚರಿಕೆಯೂ ಸಾಕುಪ್ರಾಣಿಯ ತಲೆಯ ಚಿತ್ರವೂ ಇರಬೇಕೆಂಬುದು ಕಾನೂನು. ಓದು ಬಾರದವರಿಗೂ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಆದರೆ ಕ್ಯಾನು ಆಸ್ಪತ್ರೆಯಲ್ಲೇ ಉಳಿಯಿತು, ದನದ ತಲೆಯೂ ಅಲ್ಲೇ ಉಳಿಯಿತು. ಹಳ್ಳಿ ಬಸ್ಸು ಹತ್ತಿದ್ದು ಹೆಸರಿಲ್ಲದ ಬಾಟ್ಲಿ ಮಾತ್ರ.

ಉಣ್ಣೆಗೆ ಹಚ್ಚುವ ಔಷಧಿಯ ಕಥೆ ಇನ್ನೂ ಭಯಂಕರ. ಅದು ಔಷಧಿ ಎನ್ನುವುದಕ್ಕಿಂತ ವಿಷ. ಒಂದು ಲೀಟರ್ ನೀರಿಗೆ ಇಷ್ಟೇ ಎಂಎಲ್ ಎಂದು ಅಳತೆಯಿದೆ. ಅದನ್ನು ಜ್ಯೂಸ್ ಬಾಟ್ಲಿಗೆ ತುಂಬಿಸಿ ಅಡಿಗೆಮನೆ ಗೂಡಿನಲ್ಲಿಟ್ಟರೆ, ಬಾಯಾರಿ ಬಂದ ಮಗುವಿಗೆ ಹೇಳುವವರು ಯಾರು?

ಪೇಟೆಯವರು "ನಮಗೇನ್ರೀ, ಹಸು ಸಾಕಿಲ್ಲ" ಅನ್ನುವ ಹಾಗಿಲ್ಲ. ಬಸ್‌ಸ್ಟ್ಯಾಂಡ್ ಹೋಟೆಲಿನ ಕಾಫಿಗೆ ಹಾಲು ಅಲ್ಲಿಂದಲೇ ಬರೋದು. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಕೊಟ್ಟರೆ ಇಂತಿಷ್ಟು ದಿನ ಹಾಲು ಮಾರಬಾರದು. ದಿನದ ಲೆಕ್ಕ ಔಷಧಿಯಿಂದ ಔಷಧಿಗೆ ಬೇರೆ. ಅದಿರುವುದೂ ಆ ಲೇಬಲ್ಲಿನಲ್ಲೇ. ಕಾಯಿಸಿದರೆ ಹೋಗುತ್ತೆ ಎಂದು ನಂಬಿ ಕೂರುವಂತಿಲ್ಲ, ಎಷ್ಟೋ ಔಷಧಿಗಳು ಕುದಿಗೂ ಬಗ್ಗುವುದಿಲ್ಲ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 77ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಸಂಖ್ಯೆ ಸಣ್ಣದು, ನಿಜ. ಆ 77ರಲ್ಲಿ ನಮ್ಮ ಲೋಟ ಇರಲಿಲ್ಲವೆಂದು ಪ್ರಮಾಣ ಮಾಡುವವರು ಮುಂದೆ ಬರಲಿ.

ನೋವಿನ ಔಷಧಿ ಡೈಕ್ಲೋಫೆನಾಕ್ ದನಗಳಿಗೆ ಬೇಡವೆಂದು ಸರ್ಕಾರ 2006ರಲ್ಲೇ ಹೇಳಿತು. ಆ ಔಷಧಿ ತೆಗೆದುಕೊಂಡು ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮನುಷ್ಯರಿಗೆಂದು ಬಂದ ದೊಡ್ಡ ಸೀಸೆಗಳನ್ನೇ ದನಕ್ಕೆ ಚುಚ್ಚಿದ್ದರಿಂದ, 2015ರಲ್ಲಿ ಇಂಜೆಕ್ಷನ್ ಸೀಸೆಯನ್ನು 3 ಎಂಎಲ್‌ಗೆ ಇಳಿಸಬೇಕಾಯಿತು. ರಾಮನಗರದ ಬೆಟ್ಟದಲ್ಲಿ ರಣಹದ್ದಿಗಾಗಿ ಅಭಯಾರಣ್ಯವನ್ನೇ ಮಾಡಬೇಕಾಗಿ ಬಂತು. ಸೀಸೆಯೊಳಗೆ ಏನಿದೆ, ಯಾರಿಗೆ ಅಂತ ನೋಡದೆ ಕೊಟ್ಟದ್ದರ ಫಲ ಅಷ್ಟು ದೂರ ಹೋಯಿತು.

ವೈದ್ಯರನ್ನೇ ಬೈದು ಪ್ರಯೋಜನವಿಲ್ಲ. ಔಷಧಿ ಬರುವುದು ದೊಡ್ಡ ಕ್ಯಾನಿನಲ್ಲಿ. ಕೊಡುವ ಕೈ ಒಂದು, ಬಾಗಿಲಲ್ಲಿ ನಿಂತ ಹಸು ಹತ್ತು. ಆದರೂ ಒಂದು ಅಂಟುಚೀಟಿಗೆ ಎಷ್ಟು ಕಾಸು? ಔಷಧಿಯ ಹೆಸರು, ಅಳತೆ, ಎಷ್ಟು ದಿನ ಹಾಲು ಮಾರಬಾರದು, ಮಕ್ಕಳ ಕೈಗೆ ಕೊಡಬೇಡಿ. ಕನ್ನಡದಲ್ಲಿ ನಾಲ್ಕು ಸಾಲು. ಸುರಿಯಲು ಒಂದು ಖಾಲಿ ಹೊಸ ಬಾಟ್ಲಿ. ಬಣ್ಣದಂಗಡಿಯವನು ಕೂಡ ಡಬ್ಬದ ಮುಚ್ಚಳದ ಮೇಲೆ ಬಣ್ಣದ ಹೆಸರು ಗೀಚಿ ಕೊಡುತ್ತಾನೆ. ಜಿಲ್ಲೆಯ ಪಶುಪಾಲನಾ ಇಲಾಖೆಯವರು ಮುಂದಿನ ಔಷಧಿ ಖರೀದಿಯ ಪಟ್ಟಿಯಲ್ಲಿ ಚೀಟಿ, ಬಾಟ್ಲಿ ಎರಡನ್ನೂ ಸೇರಿಸುತ್ತಾರೆಯೇ?